ಮನುಷ್ಯ ಒಳ್ಳೆಯವರು, ಸರಿ. ಒಕ್ಕಲಿಗೆ ಏನು ಸಿಕ್ಕಿತು? ಭೂದಾನ, ಅರಸು ಮತ್ತು ನಾವು

ಮಲ್ನಾಡ್_ಮಳೆ (ಚರ್ಚೆ ಶುರು ಮಾಡಿದವರು)

ನಮ್ಮಲ್ಲಿ ಯಾವ ರಾಜಕಾರಣಿಯ ಮಾತು ಬಂದರೂ ಮೊದಲ ಪ್ರಶ್ನೆ ಒಂದೇ: "ಮನುಷ್ಯ ಹೇಗೆ?" ದುಡ್ಡು ಮುಟ್ಟಲ್ಲ, ಸರಳ, ಬಸ್ಸಲ್ಲೇ ಓಡಾಡ್ತಾರೆ ಅಂದರೆ ಮುಗೀತು, ಪಾಸು. ಅವರು ಕುರ್ಚಿಯಲ್ಲಿ ಇದ್ದಾಗ ಯಾರ ಮನೆಗೆ ಏನು ಬಂತು ಅಂತ ಕೇಳುವವರು ಕಡಿಮೆ. ನನಗೆ ಇದರಲ್ಲಿ ಒಂದು ಅನುಮಾನ. ಸಜ್ಜನರನ್ನು ಮೆಚ್ಚುವಾಗ ನಾವು ಅರ್ಧ ಮೆಚ್ಚುವುದು ನಮ್ಮನ್ನೇ. ಒಳ್ಳೆಯವರ ಪರ ಇದ್ದೇನೆ, ಹಾಗಾಗಿ ನಾನೂ ಒಳ್ಳೆಯವನು.

ಭೂಮಿಯ ಕಥೆಯನ್ನೇ ತಗೊಳ್ಳಿ. 1951ರ ಏಪ್ರಿಲ್ 18ರಂದು ತೆಲಂಗಾಣದ ಪೋಚಂಪಲ್ಲಿಗೆ ಗಾಂಧೀಜಿಯ ಶಿಷ್ಯ ವಿನೋಬಾ ಭಾವೆ ಬಂದರು. ಅಲ್ಲಿನ ದಲಿತ ಕುಟುಂಬಗಳು 80 ಎಕರೆ ಕೇಳಿದವು. ಊರಿನ ರಾಮಚಂದ್ರ ರೆಡ್ಡಿ ಎದ್ದು ನಿಂತು 100 ಎಕರೆ ಕೊಡುತ್ತೇನೆ ಅಂದರು. ಭೂಮಿ ಇದ್ದವರಿಂದ ದಾನ ಕೇಳಿ ಇಲ್ಲದವರಿಗೆ ಹಂಚುವ ಭೂದಾನ ಶುರುವಾದದ್ದು ಹೀಗೆ. ಐದು ಕೋಟಿ ಎಕರೆ ಸೇರಿಸುವ ಗುರಿ ಇತ್ತು. ವಿನೋಬಾ ವರ್ಷಗಟ್ಟಲೆ ನಡೆದರು. ದೇಶದಲ್ಲಿ ಒಟ್ಟು ಬರೆಸಿದ್ದು 40 ಲಕ್ಷ ಎಕರೆಯ ಆಸುಪಾಸು. ಅದರಲ್ಲೂ ದೊಡ್ಡ ಪಾಲು ಹಂಚಲು ಬರಲಿಲ್ಲ. ಕಲ್ಲುಗುಡ್ಡ, ಹೊಳೆಯ ಮರಳು, ಕೋರ್ಟಿನಲ್ಲಿದ್ದ ಜಾಗ, ಕಾಗದವೇ ಇಲ್ಲದ ಜಾಗ. 1957ರಲ್ಲಿ ಮೈಸೂರಿನ ಹತ್ತಿರ ಇಲವಾಲದಲ್ಲಿ ಗ್ರಾಮದಾನದ (ಊರಿನ ಜಮೀನನ್ನು ಊರಿಗೇ ಬಿಟ್ಟುಕೊಡುವುದು) ದೊಡ್ಡ ಸಭೆ ನಡೆಯಿತು. ನೆಹರೂ ಬಂದರು, ಕೇರಳದ ಕಮ್ಯುನಿಸ್ಟ್ ಮುಖ್ಯಮಂತ್ರಿ ನಂಬೂದಿರಿಪಾಡ್ ಬಂದರು. ಎಲ್ಲ ಪಕ್ಷದವರೂ ಹೊಗಳಿದರು. ಎಲ್ಲರೂ ಒಟ್ಟಿಗೆ ಹೊಗಳುವ ಕೆಲಸದಿಂದ ಯಾರಿಗೂ ನಷ್ಟ ಆಗುವುದಿಲ್ಲ ಅಂತಲೇ ಅರ್ಥ ಅನಿಸುತ್ತದೆ ನನಗೆ.

ಆಮೇಲೆ ನಮ್ಮ ಸರ್ಕಾರ 1961ರಲ್ಲಿ ಭೂಸುಧಾರಣೆ ಕಾಯ್ದೆ ಮಾಡಿತು. ಉದ್ದೇಶ ಚೆನ್ನಾಗಿತ್ತು. ಆದರೆ ಸ್ವಂತ ಸಾಗುವಳಿಗೆ ಬೇಕು ಅಂತ ಹೇಳಿ ಧಣಿ ತಾನು ಗೇಣಿಗೆ, ಅಂದರೆ ಬಾಡಿಗೆಗೆ, ಕೊಟ್ಟ ಜಮೀನಿನ ಒಂದು ಪಾಲನ್ನು ವಾಪಸ್ ಪಡೆಯಬಹುದಿತ್ತು. ಜಾರಿಗೆ ಬಂದದ್ದು 1965ರಲ್ಲಿ. ಅಷ್ಟು ವರ್ಷ ಸಮಯ ಸಿಕ್ಕರೆ ಧಣಿಗಳು ಸುಮ್ನೆ ಕೂರ್ತಾರಾ? ಬಾಯಿಮಾತಿನ ಗೇಣಿಯವರನ್ನು ಮೊದಲೇ ಬಿಡಿಸಿದರು. ಒಕ್ಕಲನ್ನು, ಅಂದರೆ ಗೇಣಿಗೆ ಉಳುವವನನ್ನು, ಕಾಪಾಡಲು ಬಂದ ಕಾನೂನಿನ ಭಯಕ್ಕೇ ಒಕ್ಕಲು ಎದ್ದು ಹೋದ.

ಕೊನೆಗೆ ನೆಲ ಕೊಟ್ಟದ್ದು ಯಾರು? ಎಪ್ಪತ್ತರ ದಶಕದ ಮುಖ್ಯಮಂತ್ರಿ ದೇವರಾಜ ಅರಸು. ಅವರನ್ನು ಯಾರೂ ಸಂತ ಅನ್ನಲಿಲ್ಲ. ಪಕ್ಷಕ್ಕೆ ದುಡ್ಡು ಎತ್ತುತ್ತಾರೆ ಅಂತ ಊರೆಲ್ಲ ಮಾತು. ಅವರ ಮೇಲಿನ ಆರೋಪಗಳ ತನಿಖೆಗೆ ಗ್ರೋವರ್ ಆಯೋಗ ಕೂತಿತು, ಕೆಲವು ಆರೋಪಗಳು ನಿಜ ಅಂತಲೂ ಹೇಳಿತು. ಆದರೆ 1974ರ ಮಾರ್ಚ್ 1ಕ್ಕೆ ಜಾರಿಯಾದ ತಿದ್ದುಪಡಿ ಗೇಣಿ ಪದ್ಧತಿಯನ್ನೇ ಕಿತ್ತುಹಾಕಿತು. ಗೇಣಿದಾರ ಈ ಭೂಮಿ ನನಗೆ ಬೇಕು ಅಂತ ಫಾರಂ 7 ಅನ್ನುವ ಅರ್ಜಿ ತುಂಬಿ ಕೊಟ್ಟರೆ ಸಾಕು. ಪ್ರತಿ ತಾಲ್ಲೂಕಿನಲ್ಲೂ ಭೂ ನ್ಯಾಯಮಂಡಳಿ. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷ, ಜೊತೆಗೆ ಸರ್ಕಾರ ನೇಮಿಸಿದ ನಾಲ್ವರು, ಅದರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು ಇರಲೇಬೇಕು. ವಕೀಲರಿಗೆ ಪ್ರವೇಶ ಇಲ್ಲ. ಎಂಟು ಲಕ್ಷದಷ್ಟು ಅರ್ಜಿ ಬಂದವು. ಹತ್ತಿರ ಹತ್ತಿರ ಐದು ಲಕ್ಷ ಅರ್ಜಿ ಗೇಣಿದಾರರ ಪರ ತೀರ್ಮಾನ ಆದವು.

ವಿನೋಬಾ ಅವರ ಪಾದಯಾತ್ರೆಯ ಫೋಟೋ ನೋಡಿದರೆ ಈಗಲೂ ಮನಸ್ಸು ತುಂಬುತ್ತದೆ. ನಮ್ಮ ತಾಲ್ಲೂಕಿನ ಪಹಣಿಯಲ್ಲಿ ಹೆಸರು ಬದಲಾದದ್ದು ಮಾತ್ರ ಅರಸು ಕಾಲದಲ್ಲಿ. ನಿಮಗೇನನ್ನಿಸುತ್ತೆ?


ಹಳೇ_ಮೇಷ್ಟ್ರು

ಚೆನ್ನಾಗಿ ಬರೆದಿದ್ದೀರಿ. ಆದರೆ ಲೆಕ್ಕದಲ್ಲಿ ಒಂದು ಸಾಲು ಬಿಟ್ಟಿದ್ದೀರಿ.

ನ್ಯಾಯಮಂಡಳಿಗಳು ಜೋರಾಗಿ ಓಡಿದ್ದು ಯಾವಾಗ? 1975-77ರ ತುರ್ತು ಪರಿಸ್ಥಿತಿಯಲ್ಲಿ. ಧಣಿಗಳು ಗಲಾಟೆ ಮಾಡುವ ಹಾಗಿರಲಿಲ್ಲ, ಪತ್ರಿಕೆಗಳು ಬರೆಯುವ ಹಾಗಿರಲಿಲ್ಲ. ಅದೇ ಹೊತ್ತಿಗೆ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಯಾರಿದ್ದರು ನೆನಪಿದೆಯಾ? ವಾಜಪೇಯಿ, ಆಡ್ವಾಣಿ ಬಿಡಿ. ಸ್ನೇಹಲತಾ ರೆಡ್ಡಿ ಇದ್ದರು. ನಟಿ. ಅಸ್ತಮಾ ಇತ್ತು. ವಿಚಾರಣೆ ಇಲ್ಲದೆ ತಿಂಗಳುಗಟ್ಟಲೆ ಇಟ್ಟರು. 1977ರ ಜನವರಿಯಲ್ಲಿ ಹೊರಗೆ ಬಿಟ್ಟರು, ಕೆಲವೇ ದಿನಕ್ಕೆ ತೀರಿಕೊಂಡರು. ಆ ಜೈಲು ನಡೆಸುತ್ತಿದ್ದದ್ದು ರಾಜ್ಯ ಸರ್ಕಾರ. ಮುಖ್ಯಮಂತ್ರಿ ಅರಸು.

"ಫಲಿತಾಂಶ ನೋಡಿ" ಅನ್ನುವವರು ಯಾವಾಗಲೂ ಒಂದೇ ಕಡೆಯ ಫಲಿತಾಂಶ ತೋರಿಸುತ್ತಾರೆ. ಐದು ಲಕ್ಷ ಗೇಣಿದಾರರು ಒಂದು ಫಲಿತಾಂಶ. ಆ ಹೆಣ್ಣುಮಗಳು ಸತ್ತದ್ದೂ ಒಂದು ಫಲಿತಾಂಶ.


ಬನವಾಸಿ_ಬೀದಿ

ಮೇಷ್ಟ್ರೇ, ಜೈಲಿಗೂ ಭೂಮಿಗೂ ಏನು ಸಂಬಂಧ? ಕಾಯ್ದೆ ಬಂದದ್ದು ತುರ್ತು ಪರಿಸ್ಥಿತಿಗಿಂತ ಒಂದು ವರ್ಷಕ್ಕೂ ಮೊದಲು.


ಹಳೇ_ಮೇಷ್ಟ್ರು

ಕಾಯ್ದೆ ಮೊದಲು ಬಂತು, ನಿಜ. ನಾನು ಹೇಳಿದ್ದು ಜಾರಿಯ ಮಾತು. ಆಗ ಬರೀ ಕಾಯ್ದೆ ಮಾಡುವುದೇನು ದೊಡ್ಡ ವಿಷಯವಲ್ಲ ಅಂತ ಮೇಲಿನವರೇ ಬರೆದಿದ್ದಾರಲ್ಲ, 1961ರ ಕಥೆ ಹೇಳಿ.


ತುಳುನಾಡ್_ಗುಬ್ಬಿ

ನಾನು ಕಳೆದುಕೊಂಡವರ ಮನೆಯವಳು. ಹಾಗಾಗಿ ನನ್ನ ಮಾತನ್ನು ಸ್ವಲ್ಪ ಕಡಿಮೆ ತೂಕದಲ್ಲೇ ತಗೊಳ್ಳಿ.

ನಮ್ಮ ಕಡೆ ಇದಕ್ಕೆ ಎಲ್ಲರೂ ಹೇಳುವುದು "ಡಿಕ್ಲರೇಶನ್" ಅಂತ. "ಅವರ ಭೂಮಿ ಡಿಕ್ಲರೇಶನ್‌ನಲ್ಲಿ ಹೋಯಿತು" ಅಂದರೆ ಎಲ್ಲರಿಗೂ ಗೊತ್ತಾಗುತ್ತದೆ. ನಮ್ಮ ದೊಡ್ಡಮ್ಮ ಚಿಕ್ಕ ವಯಸ್ಸಿಗೇ ವಿಧವೆ. ಇದ್ದದ್ದು ಎರಡು ಎಕರೆಗಿಂತ ಕಡಿಮೆ ಬೈಲುಗದ್ದೆ. ಉಳುವವರು ಯಾರೂ ಇಲ್ಲ ಅಂತ ಚಾಲಗೇಣಿಗೆ (ಕಾಯಂ ಅಲ್ಲದ ಗೇಣಿಗೆ) ಕೊಟ್ಟಿದ್ದರು. ವರ್ಷಕ್ಕೆ ಬರುವ ಅಕ್ಕಿ ಮುಡಿಯೇ ಅವರ ಊಟ. ಹೊಸ ಕಾಯ್ದೆಯಲ್ಲಿ ಸೈನಿಕರಿಗೆ, ಹಡಗಿನಲ್ಲಿ ಕೆಲಸ ಮಾಡುವವರಿಗೆ ಬಿಟ್ಟರೆ ಬೇರೆ ಯಾರಿಗೂ ವಿನಾಯಿತಿ ಇರಲಿಲ್ಲ. ವಿಧವೆಗೂ ಇಲ್ಲ. ಗದ್ದೆ ಹೋಯಿತು. ಪರಿಹಾರ ಬಂದದ್ದು ತಡವಾಗಿ, ಕಂತಿನಲ್ಲಿ. ದೊಡ್ಡಮ್ಮ ಉಳಿದ ಬದುಕನ್ನು ಅಣ್ಣನ ಮನೆಯ ಅಡುಗೆಕೋಣೆಯಲ್ಲಿ ಕಳೆದರು.

ಕಾಯ್ದೆ ತಪ್ಪು ಅಂತ ನಾನು ಹೇಳುತ್ತಿಲ್ಲ. ನಮ್ಮ ಒಕ್ಕಲಿನವರ ಮಕ್ಕಳು ಇವತ್ತು ಮುಂಬಯಿಯಲ್ಲಿ ಹೋಟೆಲ್ ಇಟ್ಟಿದ್ದಾರೆ, ಮಗಳು ಡಾಕ್ಟರ್. ನನಗೆ ಖುಷಿಯೇ. ಆದರೆ ನಮ್ಮದೇ ಸಂಬಂಧಿಕರಲ್ಲಿ ನೂರು ಎಕರೆ ಇದ್ದವರು ಮಕ್ಕಳ ಹೆಸರಿಗೆ ಪಾಲು ಮಾಡಿ, ಅಡಿಕೆ ತೋಟ ಎಬ್ಬಿಸಿ, ಬುದ್ಧಿವಂತಿಕೆಯಿಂದ ಬಹಳಷ್ಟು ಉಳಿಸಿಕೊಂಡರು. ಎರಡು ಎಕರೆಯವಳು ಪೂರ್ತಿ ಕಳೆದುಕೊಂಡಳು. ಕಾಯ್ದೆ ಬರೆದವರಿಗೆ ಧಣಿ ಅಂದರೆ ಒಂದೇ ಚಿತ್ರ. ಹೊಟ್ಟೆ ದಪ್ಪ, ಬೆಳ್ಳಿ ಹಿಡಿಯ ಬೆತ್ತ. ನಮ್ಮ ದೊಡ್ಡಮ್ಮನ ಹತ್ತಿರ ಬೆತ್ತ ಇರಲಿಲ್ಲ.


ಅಘನಾಶಿನಿ

ಗುಬ್ಬಿಯಕ್ಕ, ನಿಮ್ಮ ಮಾತು ಓದಿ ಸುಮ್ಮನೆ ಹೋಗಲು ಆಗಲಿಲ್ಲ. ನಾವು ಆ ಕಡೆಯ ಮನೆಯವರು. ಉತ್ತರ ಕನ್ನಡ.

ನಮ್ಮ ಅಜ್ಜ ಫಾರಂ 7 ಕೊಡಲೇ ಇಲ್ಲ. ಒಡೆಯರ ಮನೆಯವರು ಬಂದು ದೇವಸ್ಥಾನದಲ್ಲಿ ತೆಂಗಿನಕಾಯಿ ಮುಟ್ಟಿಸಿ ಮಾತು ತಗೊಂಡಿದ್ದರಂತೆ. "ಅನ್ನ ಹಾಕಿದ ಕೈಗೆ ಕಚ್ಚಬೇಡ" ಅಂತ. ಅಜ್ಜ ಮಾತು ಉಳಿಸಿಕೊಂಡರು. ನೀತಿವಂತ ಅಂತ ಊರಲ್ಲಿ ಹೆಸರು ಬಂತು. ಪಕ್ಕದ ಮನೆಯವರು ಅರ್ಜಿ ಕೊಟ್ಟರು, ಅವರಿಗೆ ಗದ್ದೆ ಬಂತು. ನಮ್ಮ ಅಪ್ಪ ಅವರದೇ ಗದ್ದೆಯಲ್ಲಿ ಕೂಲಿ ಮಾಡಿ ನನ್ನನ್ನು ಓದಿಸಿದರು. ಹಾಗಾಗಿ ಒಳ್ಳೆಯತನದ ಬೆಲೆ ನಮ್ಮ ಮನೆಯಲ್ಲಿ ಬೇರೆ ಥರ ಗೊತ್ತು.

ಇನ್ನೊಂದು ವಿಷಯ. ಮೂಲ ಬರಹದಲ್ಲಿ ಅರಸು ಒಬ್ಬರೇ ಮಾಡಿದ ಹಾಗೆ ಇದೆ. ನಮ್ಮ ಜಿಲ್ಲೆಯಲ್ಲಿ ದಿನಕರ ದೇಸಾಯಿ 1940ರಿಂದಲೇ ರೈತಕೂಟ ಕಟ್ಟಿದವರು. ಬ್ರಿಟಿಷ್ ಸರ್ಕಾರ ಅವರನ್ನು ಜಿಲ್ಲೆಯಿಂದಲೇ ಗಡಿಪಾರು ಮಾಡಿತ್ತು. ಸಾಗರದ ಕಡೆ 1951ರಲ್ಲಿ ಕಾಗೋಡು ಸತ್ಯಾಗ್ರಹ. ಭತ್ತ ಅಳೆಯುವ ಕೊಳಗದ ಗಾತ್ರಕ್ಕೆ ಶುರುವಾದ ಜಗಳ ಅದು. ಹೋರಾಟದ ಮುಂದಾಳುಗಳಾಗಿ ಗಣಪತಿಯಪ್ಪ, ಗೋಪಾಲಗೌಡರು ಇದ್ದರು, ಸಮಾಜವಾದಿ ನಾಯಕ ಲೋಹಿಯಾ ಬಂದು ಸಾಗರದಲ್ಲಿ ಬಂಧನಕ್ಕೆ ಒಳಗಾದರು. ಕಾಯ್ದೆ ಇಡೀ ರಾಜ್ಯಕ್ಕೆ ಒಂದೇ. ಆದರೆ ಅದು ಚೆನ್ನಾಗಿ ಹತ್ತಿದ್ದು ದಕ್ಷಿಣ ಕನ್ನಡ, ಉತ್ತರ ಕನ್ನಡ, ಶಿವಮೊಗ್ಗದಲ್ಲಿ. ಗೇಣಿ ಅಲ್ಲೇ ಜಾಸ್ತಿ ಇತ್ತು ಅನ್ನುವುದು ಒಂದು ಕಾರಣ. "ರಸೀದಿ ಕೇಳಿ, ಹೆದರಬೇಡಿ" ಅಂತ ಇಪ್ಪತ್ತು ಮೂವತ್ತು ವರ್ಷ ಊರೂರು ತಿರುಗಿ ಹೇಳಿದವರು ಅಲ್ಲಿ ಇದ್ದರು ಅನ್ನುವುದು ಇನ್ನೊಂದು. ಅವರಲ್ಲಿ ಎಷ್ಟೋ ಜನ ಒಳ್ಳೆಯ ಮನಸ್ಸಿನ ಬಡ ಸಮಾಜವಾದಿಗಳು, ಅಧಿಕಾರದ ಮುಖವನ್ನೇ ನೋಡದವರು.


ಮಲ್ನಾಡ್_ಮಳೆ

@ಅಘನಾಶಿನಿ, ಒಪ್ಪಿದೆ. ಆದರೆ ನೋಡಿ, ಕಾಗೋಡಿನವರೂ ದಿನಕರ ದೇಸಾಯಿಯವರೂ ಭೂದಾನದವರಿಗಿಂತ ಬೇರೆ. ಕಾಗೋಡಿನಲ್ಲಿ ಕೇಳಿದ್ದು ಕೊಳಗ. ಇಷ್ಟು ಸೇರಿನ ಕೊಳಗದಲ್ಲಿ ಅಳೆಯಿರಿ, ಜಾಸ್ತಿ ಅಳೆಯಬೇಡಿ. ಈಡೇರಿತೋ ಇಲ್ಲವೋ ಅಂತ ಯಾರು ಬೇಕಾದರೂ ನೋಡಬಹುದು. ಭೂದಾನದಲ್ಲಿ ಕೇಳಿದ್ದು ಧಣಿಯ ಹೃದಯ. ಹೃದಯ ಬದಲಾಯಿತು ಅಂತ ಯಾವ ಶಾನುಭೋಗ ಬರೆದುಕೊಳ್ಳುತ್ತಾನೆ?

ದಾನ ಕೊಟ್ಟವರ ಹೆಸರು ಅವತ್ತೇ ಪೇಪರಲ್ಲಿ ಬಂತು. ಪಡೆದವನಿಗೆ ನೆಲ ಸಿಕ್ಕಿತಾ ಅಂತ ನೋಡಲು ಮುಂದಿನ ವರ್ಷ ಯಾರೂ ಹೋಗಲಿಲ್ಲ. ನನ್ನ ತಕರಾರು ಇಷ್ಟೇ.

ಮೇಷ್ಟ್ರೇ, ಸ್ನೇಹಲತಾ ಅವರ ವಿಷಯಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಭೂಮಿ ಕೊಟ್ಟದ್ದರಿಂದ ಅದು ಮಾಫಿ ಆಗುವುದಿಲ್ಲ.


ಗಾಂಧಿಬಜಾರ್_ಕಾಫಿ

ಒಟ್ಟಿನಲ್ಲಿ ಎಲ್ಲರೂ ಹೇಳೋದು "ತಿನ್ನಲಿ ಬಿಡಿ, ಕೆಲಸ ಮಾಡಿದರೆ ಸಾಕು" ಅಂತ ತಾನೆ? ಪ್ರತಿ ಎಲೆಕ್ಷನ್‌ನಲ್ಲೂ ಇದೇ ಡೈಲಾಗ್. ಈಗಿನವರು ತಿನ್ನೋದನ್ನು ಮಾತ್ರ ಅರಸು ಹತ್ತಿರ ಕಲಿತರು.


ಕೃಷ್ಣಾತೀರ

ಗಾಂಧಿಬಜಾರ್ ಅವರ ಕೊನೆಯ ವಾಕ್ಯಕ್ಕೆ ಒಂದು ಲೈಕ್.

ಮೂಲ ಪ್ರಶ್ನೆಗೆ ಇನ್ನೊಂದು ಉದಾಹರಣೆ ಕೊಡುತ್ತೇನೆ: ಕುಡಿತ. ನಾನು ರಾಯಚೂರು ಕಡೆ ಸ್ವಸಹಾಯ ಸಂಘಗಳ ಜೊತೆ ಕೆಲಸ ಮಾಡುವವಳು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ಬಂದ್ ಆಯಿತು. ಕುಮಾರಸ್ವಾಮಿ ಮುಖ್ಯಮಂತ್ರಿ, ಯಡಿಯೂರಪ್ಪ ಹಣಕಾಸು ಮಂತ್ರಿ. ಹೆಣ್ಣುಮಕ್ಕಳ ಕಣ್ಣೀರು ಒರೆಸಿದೆವು ಅಂತ ಇಬ್ಬರೂ ಹೇಳಿಕೊಂಡರು. ನಾವೂ ಪಟಾಕಿ ಹೊಡೆದೆವು.

ಆಮೇಲೆ ಏನಾಯಿತು? ಸಾರಾಯಿ ಪ್ಯಾಕೆಟ್ ಜಾಗಕ್ಕೆ ಕಡಿಮೆ ಬೆಲೆಯ ವಿಸ್ಕಿಯ ಸಣ್ಣ ಪ್ಯಾಕೆಟ್ ಬಂತು. ಕುಡಿಯುವವನು ಅದೇ ಮನುಷ್ಯ, ಖರ್ಚು ಮಾತ್ರ ಜಾಸ್ತಿ. ಮರುವರ್ಷ ಮೇನಲ್ಲಿ ಬೆಂಗಳೂರಿನ ಸುತ್ತಮುತ್ತ ಮತ್ತು ಗಡಿಯಾಚೆ ಕೃಷ್ಣಗಿರಿ ಕಡೆ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಇವತ್ತು ಸರ್ಕಾರಕ್ಕೆ ಅಬಕಾರಿಯಿಂದ ವರ್ಷಕ್ಕೆ 30,000 ಕೋಟಿ ರೂಪಾಯಿಗೂ ಜಾಸ್ತಿ ಬರುತ್ತದೆ. ಹಳ್ಳಿಯ ಕಿರಾಣಿ ಅಂಗಡಿಯಲ್ಲೇ ಪ್ಯಾಕೆಟ್ ಸಿಗುತ್ತದೆ. 2019ರ ಜನವರಿಯಲ್ಲಿ ನಮ್ಮ ಕಡೆಯ ಸಾವಿರಾರು ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಕೊಂಡು ಹೋದರು. ದಾರಿಯಲ್ಲಿ ಒಬ್ಬರು ಅಪಘಾತದಲ್ಲಿ ತೀರಿಕೊಂಡರು. ಪಾನ ನಿಷೇಧ ಆಗಲಿಲ್ಲ.

ಕೆಲವರು ಬಿಹಾರ ತೋರಿಸುತ್ತಾರೆ. ಅಲ್ಲಿ 2016ರಿಂದ ಪೂರ್ತಿ ನಿಷೇಧ. ಹೆಂಗಸರ ವೋಟು ಬಂತು, ಕೆಲವು ಮನೆಗಳಲ್ಲಿ ನೆಮ್ಮದಿಯೂ ಬಂತು, ಸುಳ್ಳಲ್ಲ. ಆದರೆ ಜೈಲಿಗೆ ಹೋದವರಲ್ಲಿ ಬಡವರೇ ಜಾಸ್ತಿ. ಕೋರ್ಟುಗಳು ಜಾಮೀನು ಅರ್ಜಿಯಿಂದ ತುಂಬಿಹೋದವು. ಎರಡು ಸಲ ಕಾನೂನು ಸಡಿಲ ಮಾಡಿದರು. 2022ರ ಡಿಸೆಂಬರ್‌ನಲ್ಲಿ ಸಾರಣ್ ಜಿಲ್ಲೆಯಲ್ಲಿ ಕಳ್ಳಭಟ್ಟಿಗೆ ಮತ್ತೆ ಹತ್ತಾರು ಹೆಣ.


ಬನವಾಸಿ_ಬೀದಿ

ಕೃಷ್ಣಾತೀರ ಮೇಡಂ, ಹಾಗಾದರೆ ನಿಷೇಧ ಬೇಡ ಅಂತೀರಾ?


ಕೃಷ್ಣಾತೀರ

ಬೇಕೋ ಬೇಡವೋ ಅನ್ನುವುದಕ್ಕಿಂತ ಮೊದಲು ನಮ್ಮ ಹೆಂಗಸರು ಕೇಳುವುದು ಸಣ್ಣದು. ನಮ್ಮ ಊರಿನ ಕಿರಾಣಿ ಅಂಗಡಿಯಲ್ಲಿ ಪ್ಯಾಕೆಟ್ ಮಾರುವುದನ್ನು ನಿಲ್ಲಿಸಿ. ಅದು ಈಗಿನ ಕಾನೂನಿನಲ್ಲೇ ಅಪರಾಧ. ದೂರು ಕೊಟ್ಟರೆ ಅಧಿಕಾರಿಗಳು ಬರುವ ಮೊದಲೇ ಅಂಗಡಿಯವನಿಗೆ ಫೋನ್ ಹೋಗಿರುತ್ತದೆ. ಇದನ್ನು ಸರಿಮಾಡಿದರೆ ಯಾರಿಗೂ ಹಾರ ಬೀಳುವುದಿಲ್ಲ, ಫೋಟೋ ಬರುವುದಿಲ್ಲ. ಅದಕ್ಕೇ ಯಾರೂ ಮಾಡುವುದಿಲ್ಲ. ಗಾಂಧಿ ಜಯಂತಿಗೆ ವೇದಿಕೆ ಹತ್ತಿ "ಸಂಪೂರ್ಣ ಪಾನಮುಕ್ತ ಕರ್ನಾಟಕ" ಅನ್ನುವುದು ಬಹಳ ಸುಲಭ.


ರಾಜಾಜಿನಗರ_5ನೇ_ಬ್ಲಾಕ್

ಪಾನ ನಿಷೇಧದ ಮಾತು ಬಂದ ಕಾರಣ ಒಂದು ಹಳೆಯ ಸ್ವಾರಸ್ಯ. 1937ರಲ್ಲಿ ರಾಜಾಜಿ ಮದ್ರಾಸ್ ಪ್ರಾಂತ್ಯದ ಪ್ರಧಾನಿ (ಆಗ ಮುಖ್ಯಮಂತ್ರಿಗೆ ಹಾಗೆ ಅನ್ನುತ್ತಿದ್ದರು). ಸೇಲಂ ಜಿಲ್ಲೆಯಲ್ಲಿ ಪಾನ ನಿಷೇಧ ತಂದರು. ಅಬಕಾರಿ ಆದಾಯ ಹೋಯಿತಲ್ಲ, ಅದನ್ನು ತುಂಬಲು 1939ರಲ್ಲಿ ಮಾರಾಟ ತೆರಿಗೆ ಹಾಕಿದರು. ಪಾನ ನಿಷೇಧ ಬಂತು, ಹೋಯಿತು, ಮತ್ತೆ ಬಂತು, 1971ರಲ್ಲಿ ತಮಿಳುನಾಡಿನಲ್ಲಿ ಕರುಣಾನಿಧಿ ತೆಗೆದರು. ಮಾರಾಟ ತೆರಿಗೆ ಮಾತ್ರ ಹೋಗಲೇ ಇಲ್ಲ, ದೇಶಕ್ಕೆಲ್ಲ ಹರಡಿತು. ಕುಡಿಯದವನೂ ಉಪ್ಪು ಬೆಲ್ಲಕ್ಕೆ ತೆರಿಗೆ ಕಟ್ಟಿದ. ಚರ್ಚೆಗೆ ಇದರಿಂದ ಏನು ಉಪಯೋಗವೋ ಗೊತ್ತಿಲ್ಲ. ಹೇಳಬೇಕು ಅನ್ನಿಸಿತು.


ಚೌಕಾಬಾರ

ಇದುವರೆಗೆ ಯಾರೂ ರಾಮಕೃಷ್ಣ ಹೆಗಡೆ ಹೆಸರು ಎತ್ತದೇ ಇದ್ದದ್ದು ಆಶ್ಚರ್ಯ. ಜನತಾ ಪಕ್ಷದ ಮುಖ್ಯಮಂತ್ರಿ, ಮೌಲ್ಯಾಧಾರಿತ ರಾಜಕಾರಣ ಅಂತ ಹೇಳಿಯೇ ಆಳಿದವರು. 1984ರ ಲೋಕಸಭೆಯಲ್ಲಿ ಪಕ್ಷ ಸೋತಿತು ಅಂತ ತಾವೇ ವಿಧಾನಸಭೆ ವಿಸರ್ಜಿಸಿ ಮತ್ತೆ ಜನರ ಮುಂದೆ ಹೋದರು, 1985ರಲ್ಲಿ ಗೆದ್ದರು. 1986ರಲ್ಲಿ ಸಾರಾಯಿ ಬಾಟ್ಲಿಂಗ್ ಗುತ್ತಿಗೆ ವಿಷಯದಲ್ಲಿ ಹೈಕೋರ್ಟ್ ಛೀಮಾರಿ ಹಾಕಿತು. ರಾಜೀನಾಮೆ ಕೊಟ್ಟರು. ಮೂರೇ ದಿನಕ್ಕೆ ವಾಪಸ್ ಪಡೆದರು. (ಸಾರಾಯಿ ಇಲ್ಲಿಗೂ ಬಂತು ನೋಡಿ.) 1988ರಲ್ಲಿ ಫೋನ್ ಕದ್ದಾಲಿಕೆಗೆ ಮತ್ತೆ ರಾಜೀನಾಮೆ.

ಇಷ್ಟೇ ಓದಿದರೆ ಮೂಲ ಬರಹದವರು "ನೋಡಿ, ಬರೀ ನಾಟಕ" ಅನ್ನಬಹುದು. ಆದರೆ ಅದೇ ಸರ್ಕಾರದ ಫಲಿತಾಂಶವನ್ನೂ ನೋಡಿ. ಅಬ್ದುಲ್ ನಜೀರ್ ಸಾಬ್ ಪಂಚಾಯತ್ ರಾಜ್ ಮಂತ್ರಿ. ಕೊಳವೆಬಾವಿ ಕೊರೆಸಿ ಕೊರೆಸಿ ನೀರ್ ಸಾಬ್ ಅಂತ ಹೆಸರು ಬಂತು. 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯ್ತಿ ಚುನಾವಣೆ ಆಯಿತು, ಹೆಂಗಸರಿಗೆ ಶೇಕಡ 25 ಮೀಸಲು. ದೇಶಕ್ಕೆಲ್ಲ ಪಂಚಾಯ್ತಿ ಕಡ್ಡಾಯ ಮಾಡಿದ ಸಂವಿಧಾನದ 73ನೇ ತಿದ್ದುಪಡಿ ಬರುವುದಕ್ಕೆ ಎಷ್ಟೋ ಮೊದಲು. ಲೋಕಾಯುಕ್ತ ಕಾಯ್ದೆ ಕೂಡ ಆ ಸರ್ಕಾರದ್ದೇ, 1984ರದ್ದು. ಇಪ್ಪತ್ತೇಳು ವರ್ಷ ಆದ ಮೇಲೆ, 2011ರಲ್ಲಿ, ಅದೇ ಲೋಕಾಯುಕ್ತದ ಗಣಿ ವರದಿ ಒಬ್ಬ ಮುಖ್ಯಮಂತ್ರಿಯನ್ನು ಕುರ್ಚಿಯಿಂದ ಇಳಿಸಿತು.

ಲೋಕಾಯುಕ್ತ ಯಾಕೆ ಹುಟ್ಟಿತು? ಆ ಮನುಷ್ಯನಿಗೆ ಶುದ್ಧ ಅನ್ನಿಸಿಕೊಳ್ಳುವ ಆಸೆ ಇತ್ತು. ಜಂಭವೇ ಇರಲಿ. ಆ ಜಂಭ ಉಳಿಸಿಕೊಳ್ಳಲು ಅವರಿಗೆ ಏನಾದರೂ ಕಟ್ಟಬೇಕಾಯಿತು. ತನ್ನ ಬಗ್ಗೆ ಯಾವ ಭ್ರಮೆಯೂ ಇಲ್ಲದ ರಾಜಕಾರಣಿ ತನ್ನ ಮೇಲೇ ಕಾವಲುಗಾರನನ್ನು ಇಡುತ್ತಾನಾ?


ಮಲ್ನಾಡ್_ಮಳೆ

@ಚೌಕಾಬಾರ, ಇದು ಇಲ್ಲಿಯವರೆಗಿನ ಅತ್ಯಂತ ಗಟ್ಟಿ ಮಾತು. ಜಂಭಕ್ಕೂ ಉಪಯೋಗ ಇದೆ ಅಂತಾಯ್ತು. ಆದರೂ ನೋಡಿ, ನೀವು ಹೆಗಡೆಯವರನ್ನು ಸಮರ್ಥಿಸಿದ್ದು ಅವರ ರಾಜೀನಾಮೆಗಳಿಂದ ಅಲ್ಲ. ಕೊಳವೆಬಾವಿ, ಪಂಚಾಯ್ತಿ, ಲೋಕಾಯುಕ್ತ ಇಟ್ಟುಕೊಂಡು ಸಮರ್ಥಿಸಿದಿರಿ. ನಾನು ಕೇಳುತ್ತಿರುವುದೂ ಅದೇ ಪಟ್ಟಿಯನ್ನು. ಜನ ಇವತ್ತಿಗೂ ನೆನೆಸುವುದು ರಾಜೀನಾಮೆ. ನಜೀರ್ ಸಾಬರ ಬೋರ್‌ವೆಲ್ ನೀರು ಕುಡಿದ ಹಳ್ಳಿಯವರು ಮಾತ್ರ ಅದನ್ನು ನೆನೆಸುತ್ತಾರೆ.


ಹೊಲೆಮನೆ_ಹಾದಿ

ತುಂಬಾ ಹೊತ್ತಿನಿಂದ ಓದುತ್ತಿದ್ದೇನೆ. ಧಣಿಯ ಮೊಮ್ಮಗಳು ಮಾತಾಡಿದರು, ಗೇಣಿದಾರನ ಮೊಮ್ಮಗ ಮಾತಾಡಿದ. ಈಗ ಮೂರನೆಯವನ ಮಾತು ಕೇಳಿ.

"ಉಳುವವನೇ ಹೊಲದೊಡೆಯ" ಅಂದರು. ನಮ್ಮ ತಾತ ಜೀವನಪೂರ್ತಿ ಉತ್ತರು. ಆದರೆ ಗೇಣಿಗಲ್ಲ, ಕೂಲಿಗೆ, ಜೀತಕ್ಕೆ. ಫಾರಂ 7ರಲ್ಲಿ ಕೂಲಿಯವನಿಗೆ ಕಾಲಂ ಇಲ್ಲ. ಹಳೇ ಮೈಸೂರು ಕಡೆ ಗೇಣಿಯೇ ಕಡಿಮೆ, ಹಾಗಾಗಿ ಅಲ್ಲಿ ಈ ಕಾಯ್ದೆಯಿಂದ ದಲಿತರ ಕೈಗೆ ಬಂದದ್ದು ಅಷ್ಟಕ್ಕಷ್ಟೇ. ಮಿತಿ ಮೀರಿದ ಜಮೀನನ್ನು ಹಿಡಿದು ಹಂಚುತ್ತೇವೆ ಅಂದರು. ಖುಷ್ಕಿಗೆ, ಅಂದರೆ ಮಳೆ ನಂಬಿದ ಜಮೀನಿಗೆ, 54 ಎಕರೆವರೆಗೆ ಇಟ್ಟುಕೊಳ್ಳಬಹುದಿತ್ತು. ಉಳಿದದ್ದನ್ನು ಧಣಿಗಳು ಅಳಿಯ, ನಾದಿನಿ, ಸತ್ತವರ ಹೆಸರಿಗೆಲ್ಲ ಬರೆದಿದ್ದರು. ಮೊದಲ ಬರಹದಲ್ಲಿ "ಐದು ಲಕ್ಷ" ಅಂತ ಓದಿದಾಗ ನನಗೆ ಅನ್ನಿಸಿದ್ದು, ಫಲಿತಾಂಶ ಎಣಿಸುವವರೂ ತಮಗೆ ಕಾಣುವವರನ್ನೇ ಎಣಿಸುತ್ತಾರೆ.

ಅರಸು ನಮಗೆ ಏನೂ ಮಾಡಲಿಲ್ಲ ಅಂತ ಅಲ್ಲ. ಜೀತ ಬಿಡಿಸಿದ್ದು, ಸಾಲ ಮನ್ನಾ ಮಾಡಿದ್ದು ಆ ಕಾಲದಲ್ಲೇ. ತಲೆ ಮೇಲೆ ಮಲ ಹೊರುವುದನ್ನು ನಿಲ್ಲಿಸಿದ್ದು ಅವರ ಮಂತ್ರಿ ಬಸವಲಿಂಗಪ್ಪ. ಆ ಮನುಷ್ಯ ಖಾರವಾಗಿ ಮಾತಾಡುತ್ತಿದ್ದರು, ಕನ್ನಡ ಸಾಹಿತ್ಯ ಬೂಸಾ ಅಂದದ್ದಕ್ಕೆ ಗಲಾಟೆಯಾಗಿ ಮಂತ್ರಿ ಸ್ಥಾನವೇ ಹೋಯಿತು. ಸಜ್ಜನರ ಪಟ್ಟಿಯಲ್ಲಿ ಅವರ ಹೆಸರು ಬರುವುದಿಲ್ಲ.

1978ರಲ್ಲಿ ಇನ್ನೊಂದು ಕಾಯ್ದೆ ಬಂತು, ನಾವು ಪಿಟಿಸಿಎಲ್ ಅನ್ನುತ್ತೇವೆ. ಸರ್ಕಾರ ಪರಿಶಿಷ್ಟರಿಗೆ ಮಂಜೂರು ಮಾಡಿದ ಜಮೀನನ್ನು ಬೇರೆಯವರು ಬರೆಸಿಕೊಂಡಿದ್ದರೆ ವಾಪಸ್ ಕೊಡಿಸುವ ಕಾಯ್ದೆ. ಬಹಳ ಒಳ್ಳೆಯದು. ಆದರೆ ಎಷ್ಟು ವರ್ಷದ ಒಳಗೆ ಅರ್ಜಿ ಕೊಡಬೇಕು ಅಂತ ಅದರಲ್ಲಿ ಬರೆದಿರಲಿಲ್ಲ. 2017ರಲ್ಲಿ ಸುಪ್ರೀಂ ಕೋರ್ಟ್ ತುಂಬಾ ತಡವಾಗಿ ಬಂದ ಅರ್ಜಿ ನಡೆಯುವುದಿಲ್ಲ ಅಂದಿತು. ಆಮೇಲೆ ತಡ ಅನ್ನುವ ಒಂದೇ ಕಾರಣಕ್ಕೆ ಕೇಸುಗಳು ವಜಾ ಆಗುತ್ತಾ ಹೋದವು. ಧರಣಿ ಕೂತು ಕೂತು 2023ರಲ್ಲಿ, ಅರ್ಜಿಗೆ ಕಾಲಮಿತಿ ಇಲ್ಲ ಅನ್ನುವ ತಿದ್ದುಪಡಿ ಬಂತು. ಒಂದು ಸಾಲಿನ ಕಥೆ ಇದು. ಆ ಸಾಲು ಬರೆಯದೇ ಇದ್ದವರ ಮನಸ್ಸು ಖಂಡಿತ ಒಳ್ಳೆಯದೇ ಇತ್ತು.


ತುಳುನಾಡ್_ಗುಬ್ಬಿ

@ಹೊಲೆಮನೆ_ಹಾದಿ, ನಮ್ಮ ಗದ್ದೆಯ ವಿಷಯದಲ್ಲೂ ಇದೇ. ಉಳುಮೆಗೆ, ನೇಜಿಗೆ (ಭತ್ತದ ಸಸಿ ನೆಡಲು) ಬರುತ್ತಿದ್ದವರು ಬೇರೆ, ಗೇಣಿ ಚೀಟಿ ಇದ್ದವರು ಬೇರೆ. ಗದ್ದೆ ಹೋದದ್ದು ಚೀಟಿ ಇದ್ದವರಿಗೆ. ನೇಜಿ ನೆಟ್ಟವರು ಈಗಲೂ ನೇಜಿಗೇ ಬರುತ್ತಾರೆ.


ದುಬೈ_ದೊಡ್ಡಪ್ಪ

ಈಗಿನ ಮಾತು ಸ್ವಲ್ಪ ಆಡೋಣವಾ? ನಮ್ಮ ಊರು ಮಂಡ್ಯ ಕಡೆ. ನಾನು ಇಲ್ಲಿದ್ದೇನೆ, ತಮ್ಮ ಬೆಂಗಳೂರಿನಲ್ಲಿ. ಜಮೀನನ್ನು ವಾರಕ್ಕೆ, ಅಂದರೆ ಬೆಳೆಯ ಪಾಲಿಗೆ, ಕೊಟ್ಟಿದ್ದೇವೆ. ಪೂರ್ತಿ ಬಾಯಿಮಾತು. ಯಾಕೆಂದರೆ ಗೇಣಿಗೆ ಕೊಡುವುದೇ ಕಾನೂನಿನಲ್ಲಿ ಇಲ್ಲ. ಕಾಗದ ಮಾಡಿದರೆ ನಾಳೆ ಅವನದೇ ಆಗಿಬಿಟ್ಟರೆ ಅಂತ ಹೆದರಿಕೆ. ಉತ್ತರ ಕರ್ನಾಟಕದಲ್ಲಿ ಲಾವಣಿ ಅಂತಾರೆ, ಅಲ್ಲೂ ಇದೇ ಕಥೆ. ಬೆಳೆ ಹಾಳಾದರೆ ಪರಿಹಾರ ಬರುವುದು ಪಹಣಿಯಲ್ಲಿ ಹೆಸರಿದ್ದವನ ಖಾತೆಗೆ. ಅಂದರೆ ನನ್ನ ಖಾತೆಗೆ, ಇಲ್ಲಿ ಎಸಿ ಕೆಳಗೆ ಕೂತವನಿಗೆ. ಉತ್ತವನಿಗೆ ಬ್ಯಾಂಕ್ ಸಾಲವೂ ಇಲ್ಲ. ಒಕ್ಕಲನ್ನು ಉಳಿಸಲು ಮಾಡಿದ ಕಾಯ್ದೆಯಿಂದ ಇವತ್ತಿನ ಒಕ್ಕಲು ಲೆಕ್ಕಕ್ಕೇ ಸಿಗುವುದಿಲ್ಲ.


ಅಘನಾಶಿನಿ

ದೊಡ್ಡಪ್ಪ, ಆ ಪರಿಹಾರದ ದುಡ್ಡು ಅವನಿಗೆ ಕಳಿಸ್ತೀರಾ?


ದುಬೈ_ದೊಡ್ಡಪ್ಪ

ಅರ್ಧ ಕಳಿಸುತ್ತೇನೆ.


ಗಾಂಧಿಬಜಾರ್_ಕಾಫಿ

ನೋಡಿ, ಭೂದಾನ ಇನ್ನೂ ನಡೆಯುತ್ತಿದೆ.


ಚೌಕಾಬಾರ

😂 ಆದರೆ ದೊಡ್ಡಪ್ಪ ಹೇಳಿದ್ದು ಸರಿ. ಗೇಣಿಗೆ ಕೊಡುವುದನ್ನು ಕಾನೂನಿನಲ್ಲಿ ತಂದು, ಮಾಲೀಕನಿಗೆ ಜಮೀನು ಹೋಗದ ಹಾಗೆ, ಉಳುವವನಿಗೆ ಸಾಲ ಸಿಗುವ ಹಾಗೆ ಮಾಡಬಹುದು. ಯಾವ ಪಕ್ಷವೂ ಕೈ ಹಾಕುವುದಿಲ್ಲ. ಅರಸು ಕಾಯ್ದೆ ಮುಟ್ಟಿದರೆ ಬಡವರ ವಿರೋಧಿ ಅನ್ನಿಸಿಕೊಳ್ಳುವ ಭಯ. ಜಮೀನು ಯಾರು ಬೇಕಾದರೂ ಕೊಳ್ಳಬಹುದು ಅಂತ 2020ರಲ್ಲಿ ಅದೇ ಕಾಯ್ದೆಯ 79ಎ, 79ಬಿ ಕಲಂ ತೆಗೆದರಲ್ಲ, ಆಗಲೂ ಎರಡೂ ಕಡೆಯವರು ರೈತನ ಹೆಸರಲ್ಲೇ ಜಗಳ ಆಡಿದರು. ವಾರಕ್ಕೆ ಉಳುವವನ ಮಾತು ಆ ಜಗಳದಲ್ಲಿ ಹೆಚ್ಚಾಗಿ ಕೇಳಲೇ ಇಲ್ಲ.


ಮಲ್ನಾಡ್_ಮಳೆ

ಚರ್ಚೆ ನಾನು ಅಂದುಕೊಂಡದ್ದಕ್ಕಿಂತ ದೂರ ಬಂದಿದೆ. ನನ್ನ ನಿಲುವು ಹೆಚ್ಚೇನೂ ಬದಲಾಗಿಲ್ಲ, ಆದರೆ ಒಂದು ಮಾತು ಸೇರಿಸುತ್ತೇನೆ. ಯಾವುದೇ ಯೋಜನೆ ಬಂದಾಗ ನಾನು ಇನ್ನು ಕೇಳುವುದು "ಎಷ್ಟು ಜನಕ್ಕೆ ಸಿಕ್ಕಿತು" ಅಂತ ಮಾತ್ರ ಅಲ್ಲ. "ಯಾರಿಗೆ ಕಾಲಂ ಇರಲಿಲ್ಲ" ಅಂತಲೂ ಕೇಳುತ್ತೇನೆ. ಇದು @ಹೊಲೆಮನೆ_ಹಾದಿ ಅವರ ಮಾತು, ನನ್ನದಲ್ಲ.

ಗಾಂಧಿಬಜಾರ್ ಅವರೇ, ತಿಂದರೂ ಪರವಾಗಿಲ್ಲ ಅಂತ ನಾನು ಹೇಳಿಲ್ಲ. ತಿನ್ನದೇ ಇರುವುದು ಪರೀಕ್ಷೆಗೆ ಕೂರಲು ಬೇಕಾದ ಹಾಲ್ ಟಿಕೆಟ್. ನಾವು ಅದಕ್ಕೇ ಫಸ್ಟ್ ಕ್ಲಾಸ್ ಕೊಟ್ಟು ಕಳಿಸುತ್ತಿದ್ದೇವೆ.

ಮೇಷ್ಟ್ರೇ, ನಿಮಗೊಂದು ಪ್ರಶ್ನೆ, ಬೇಜಾರು ಮಾಡ್ಕೋಬೇಡಿ. ತುರ್ತು ಪರಿಸ್ಥಿತಿ ಮುಗಿದ ಮೇಲೆ, 1978ರ ಫೆಬ್ರವರಿಯಲ್ಲಿ ವಿಧಾನಸಭೆ ಚುನಾವಣೆ ಆಯಿತು. ದೆಹಲಿಯಲ್ಲಿ ಜನತಾ ಪಕ್ಷದ ಸರ್ಕಾರ ಇದ್ದರೂ ಇಲ್ಲಿ ಅರಸು ಭರ್ಜರಿಯಾಗಿ ಗೆದ್ದರು. ಆಗ ನೀವು ಯಾರಿಗೆ ಹಾಕಿದಿರಿ?


ಹಳೇ_ಮೇಷ್ಟ್ರು

ಬೇಜಾರೇನಿಲ್ಲ. ಜನತಾ ಪಕ್ಷಕ್ಕೆ ಹಾಕಿದೆ. ಇವತ್ತಾದರೂ ಅದನ್ನೇ ಮಾಡುತ್ತೇನೆ. ನಮ್ಮ ತಂದೆ ಊರಿನಲ್ಲಿ ಅರಸು ಪಕ್ಷಕ್ಕೆ ಹಾಕಿದರು. ಅವರ ಫಾರಂ 7 ಆಗಿನ್ನೂ ಮಂಡಳಿಯಲ್ಲಿ ಬಾಕಿ ಇತ್ತು.